ಕೆಂಪು ದೀಪದ ಕಾಟ

ರಾತ್ರಿ ಹನ್ನೊಂದಕ್ಕೆ, ಕದ್ರಿಯ ಬಾಡಿಗೆ ಮನೆಯಲ್ಲಿ ಫ್ಯಾನ್ ಆಫ್ ಮಾಡಿ, ಬೆವರು ಒರೆಸಿಕೊಳ್ಳುತ್ತಾ ಮೈಕ್ ಎದುರು ಗಿಟಾರ್ ಹಿಡಿದು ಕೂತರೆ ಮೈಕಿನ ಸದ್ದು ಎಷ್ಟು ಜೋರಾಗಿ ಒಳಗೆ ಬರಬೇಕೆಂದು ಹೊಂದಿಸುವ ಈ ಗೇನ್ ಗುಂಡಿ ಜೀವ ತಿನ್ನುತ್ತದೆ. ಲೆವೆಲ್ ನೋಡುವಾಗ ಎಲ್ಲ ಚಂದ, ಮೀಟರ್ ಮೈನಸ್ 12 ಡಿಬಿ ಹತ್ತಿರವೇ ಕುಣಿಯುತ್ತದೆ. ರೆಕಾರ್ಡ್ ಒತ್ತಿದ ಕೂಡಲೇ ಕೈಗೆ ಅದ್ಯಾವ ಭೂತ ಹಿಡಿಯುತ್ತದೋ, ಮೊದಲ ಸ್ಟ್ರಮ್ಮಿಗೇ ಮೀಟರಿನ ಕೊನೆಯ ಮಿತಿ ಸೊನ್ನೆ ಮುಟ್ಟಿ ಕೆಂಪು ದೀಪ! ಒಮ್ಮೆ ಹಾಗೆ ಒಡೆದ ಸ್ವರ ಆಮೇಲೆ ವಾಲ್ಯೂಮ್ ತಗ್ಗಿಸಿದರೂ ಒಡಕೇ. ಸರಿ, ಗೇನ್ ಇಳಿಸಿದರೆ ಗೆಳೆಯನ ತಕರಾರು: "ಇಷ್ಟು ಸಣ್ಣ ಸದ್ದಾ?" ರೆಕಾರ್ಡಿಂಗ್ 24 ಬಿಟ್‌ನಲ್ಲಿದೆ ಮಾರಾಯ, ಸಣ್ಣ ಸದ್ದೂ ಸ್ಪಷ್ಟವಾಗಿ ಉಳಿಯುತ್ತದೆ, ಆಮೇಲೆ ಏರಿಸಬಹುದು ಅಂದರೆ ಕೇಳಬೇಕಲ್ವಾ! ನಿನ್ನೆ ಕಷ್ಟಪಟ್ಟು ಒಂದು ಟೇಕ್ ಸರಿಯಾಗಿ ಬರುತ್ತಿತ್ತು, ಅಷ್ಟರಲ್ಲಿ ತಗಡಿನ ಶೀಟಿನ ಮೇಲೆ ದಬದಬ ಮಳೆ. ಅದು ಮಾತ್ರ ಸರಿಯಾದ ಲೆವೆಲ್‌ನಲ್ಲೇ ರೆಕಾರ್ಡ್ ಆಗಿದೆ.