ದೊಡ್ಡ ಆಮೆಗೆ ದಿನಕ್ಕೆ ಎಷ್ಟು ಕೆಜಿ?

ಪ್ರಾಣಿಯ ಮೇಲೆ ಜೀವವನ್ನೇ ಇಟ್ಟುಕೊಂಡವರು ಅದಕ್ಕೆ ಬೇಡದ್ದನ್ನೇ ಉಣಿಸಿ ಉಣಿಸಿ ಕಾಯಿಲೆ ತರಿಸುವುದನ್ನು ಕಂಡಾಗ ನನಗೆ ಸಿಟ್ಟು ತಡೆಯಲಾಗುವುದಿಲ್ಲ. ನಿನ್ನೆ ಹರಿಹರದ ಕಡೆಯ ಬಂಧುಗಳ ತೋಟದ ಮನೆಯಲ್ಲಿ ಕಂಡದ್ದು ಅದನ್ನೇ. ಸಿಮೆಂಟು ಹಾಕಿದ ಅಂಗಳದಲ್ಲಿ ಆಫ್ರಿಕಾದ ಸಲ್ಕಾಟಾ ಆಮೆ, ಅದರ ಮುಂದೊಂದು ಸ್ಟೀಲ್ ತಟ್ಟೆ, ತಟ್ಟೆಯ ತುಂಬ ಹೆಚ್ಚಿದ ಬಾಳೆಹಣ್ಣು, ಟೊಮೆಟೊ, ಅದರ ಮೇಲೊಂದು ಹಿಡಿ ಮಂಡಕ್ಕಿ. ಆಮೆ ಅಷ್ಟನ್ನೂ ಮುಗಿಸಿ ತಟ್ಟೆಯ ಅಂಚನ್ನು ಕಚ್ಚುತ್ತಿತ್ತು. "ಎಷ್ಟು ಹಾಕಿದ್ರೂ ಸಾಲಲ್ಲ ಇದಕ್ಕೆ. ದಿನಕ್ಕೆ ಎಷ್ಟು ಕೆಜಿ ಹಾಕ್ಬೇಕು ಹೇಳಣ್ಣ, ನಿಮ್ಮನೇಲೂ ಐತಲ್ಲ" ಎಂದು ತಮ್ಮ ಕೇಳಿದ.

ನಮ್ಮ ಹಿತ್ತಲ ಆಮೆಯನ್ನು ನೋಡಿದವರೆಲ್ಲ ಕೇಳುವುದೂ ಈ ಕೆಜಿಯ ಲೆಕ್ಕವನ್ನೇ. ಸಹಾರಾ ಮರುಭೂಮಿಯ ದಕ್ಷಿಣದಂಚಿನ ಸಾಹೇಲ್ ಎಂಬ ಒಣನಾಡಿನಿಂದ ಬಂದ, ಬೆಳೆದ ಗಂಡಾದರೆ 40-50 ಕೆಜಿ ತೂಗಬಲ್ಲ ಈ ಜೀವಿ ದಿನವಿಡೀ ಓಡಾಡಿಕೊಂಡು ಹುಲ್ಲು ಮೇಯುವ ಪ್ರಾಣಿ. ಹುಲ್ಲಿನ ನಾರು ಅದರ ದೊಡ್ಡ ಕರುಳಿನಲ್ಲಿ ಸೂಕ್ಷ್ಮಾಣುಗಳ ನೆರವಿನಿಂದ ನಿಧಾನವಾಗಿ ಹುದುಗಿ ಅರಗುತ್ತದೆ. ಅಲ್ಲಿಗೆ ಹಣ್ಣಿನ ಸಕ್ಕರೆಯೋ ಅಕ್ಕಿಯ ಪಿಷ್ಟವೋ ಹೆಚ್ಚಾಗಿ ಬಿದ್ದರೆ ಆ ಸೂಕ್ಷ್ಮಾಣುಗಳ ಸಮತೋಲ ಕೆಟ್ಟು ಭೇದಿ ಶುರುವಾಗುತ್ತದೆ. ಮೆಕ್ಕೆಜೋಳದ ರಾಶಿಗೆ ಬಾಯಿ ಹಾಕಿದ ದನದ ಗತಿ ಏನಾಗುತ್ತದೆಂದು ದಾವಣಗೆರೆ ಜಿಲ್ಲೆಯ ಯಾವ ರೈತನಿಗೂ ಹೇಳಿಕೊಡಬೇಕಾಗಿಲ್ಲ. ಅದೇ ಮನೆಯವರು ಆಮೆಗೆ ಮಾತ್ರ ತಟ್ಟೆ ತುಂಬಿಸುವುದೇಕೆ?

ಆದ್ದರಿಂದ ಎಷ್ಟು ಎನ್ನುವ ಪ್ರಶ್ನೆಯನ್ನು ಹುಲ್ಲಿಗೆ ಕೇಳಲೇಬಾರದು. ಗರಿಕೆ, ಗಿನಿ ಹುಲ್ಲು, ಒಣಹುಲ್ಲು ಬೆಳಗಿನಿಂದ ಸಂಜೆಯವರೆಗೆ ಬಾಯಿಗೆ ಸಿಗುವಂತಿರಬೇಕು, ಅದು ತಿಂದಷ್ಟು ತಿನ್ನಲಿ. ಒಟ್ಟು ಮೇವಿನ ಹತ್ತರಲ್ಲಿ ಒಂಬತ್ತು ಪಾಲು ಇದೇ ಆಗಿರಬೇಕು. ಉಳಿದೊಂದು ಪಾಲಿನಲ್ಲಿ ದಾಸವಾಳದ ಎಲೆ ಹೂವು, ಹಿಪ್ಪುನೇರಳೆ ಸೊಪ್ಪು, ಮುಳ್ಳು ತೆಗೆದ ಪಾಪಾಸುಕಳ್ಳಿ ಬರಲಿ. ಪಾಲಕ್ ಸೊಪ್ಪಿನಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಮೈಗೆ ಹತ್ತಲು ಬಿಡುವುದಿಲ್ಲವಾದ್ದರಿಂದ ಅದು ದಿನದ ಮೇವಾಗಬಾರದು. ಅನ್ನ, ಮಂಡಕ್ಕಿ, ಚಪಾತಿ, ನಾಯಿಯ ತಿಂಡಿಗಳನ್ನಂತೂ ಅಂಗಳಕ್ಕೇ ತರಬಾರದು.

"ಅಷ್ಟು ಇಷ್ಟಪಟ್ಟು ತಿನ್ನುತ್ತೆ, ಬೇಗ ಬೇಗ ಬೆಳೀತಾನೂ ಇದೆ" ಎನ್ನುವವರಿದ್ದಾರೆ. ಸಿಹಿಯನ್ನು ಯಾವ ಪ್ರಾಣಿ ತಾನೇ ಬೇಡವೆನ್ನುತ್ತದೆ? ಬೇಗ ಬೆಳೆಯುವುದು ಹೊಗಳಿಕೆಯ ಮಾತಲ್ಲ. ಹಲವು ದಶಕ ಬಾಳಬೇಕಾದ ಜೀವಿಗೆ ಎಳೆಯದರಲ್ಲೇ ವಿಪರೀತ ಉಣಿಸಿ, ಕ್ಯಾಲ್ಸಿಯಂ ಮತ್ತು ಬಿಸಿಲು ಸಾಲದೆ ಹೋದರೆ ಚಿಪ್ಪೂ ಮೂಳೆಯೂ ಮೆತ್ತಗಾಗುತ್ತವೆ. ಇನ್ನು ಕೆಲವರು ಮೈ ಬಂದೀತೆಂಬ ಭಯದಲ್ಲಿ ವಾರಕ್ಕೆ ಮೂರು ದಿನ ಮಾತ್ರ ಮೇವು ಹಾಕುತ್ತಾರೆ. ಕಡಿಮೆ ಮಾಡಬೇಕಾದದ್ದು ಹಣ್ಣನ್ನು. ಹುಲ್ಲನ್ನು ಕಸಿದುಕೊಂಡು ಉಪವಾಸ ಕೆಡವುವುದು ಕ್ರೌರ್ಯವೆಂದೇ ನಾನು ಹೇಳುತ್ತೇನೆ.

ಅದು ಮೇಯುವುದನ್ನು ಒಮ್ಮೆ ಹತ್ತಿರ ಕುಳಿತು ನೋಡಿ. ಹುಲ್ಲಿನ ಬುಡಕ್ಕೆ ಬಾಯಿ ಹಾಕಿ, ಮುಂಗಾಲನ್ನು ಒತ್ತಿ ಊರಿ, ಕತ್ತನ್ನು ಹಿಂದಕ್ಕೆ ಜಗ್ಗಿ ಪರಕ್ಕನೆ ಕೀಳುತ್ತದೆ, ಎರಡು ಹೆಜ್ಜೆ ಮುಂದೆ ಹೋಗಿ ಮತ್ತೆ ಕೀಳುತ್ತದೆ. ಹೆಚ್ಚಿಟ್ಟ ಬಾಳೆಹಣ್ಣಿನಲ್ಲಿ ಈ ದುಡಿಮೆಯೂ ಇಲ್ಲ, ಈ ನಡಿಗೆಯೂ ಇಲ್ಲ. ಮೇವು ಸರಿಯಾಗಿದೆಯೋ ಇಲ್ಲವೋ ಎಂದು ತಿಳಿಯಲು ಅದರ ಹಿಕ್ಕೆಯನ್ನು ಕಡ್ಡಿಯಿಂದ ಮುರಿದು ನೋಡಬೇಕು. ಒಳಗೆ ಹುಲ್ಲಿನ ನಾರು ಕಾಣುವ ಗಟ್ಟಿ ಉಂಡೆಯಾಗಿದ್ದರೆ ನಿಶ್ಚಿಂತೆ. ಅಂಗಳದ ಆ ಆಮೆಯದು ನೀರಾಗಿತ್ತು, ಕಾಲಿನ ಸಂದುಗಳಲ್ಲಿ ಕೊಬ್ಬು ಉಬ್ಬಿ ನಿಂತಿತ್ತು. ನನಗೆ ಅಲ್ಲಿ ಕೊಟ್ಟ ಕಾಫಿಯೂ ಸೇರಲಿಲ್ಲ.

(ನಕ್ಷತ್ರ ಆಮೆಯನ್ನು ಮನೆಯಲ್ಲಿಟ್ಟು ಇದೇ ಪ್ರಶ್ನೆ ಕೇಳುವವರಿಗೆ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದನ್ನು ಸಾಕುವುದೇ ಅಪರಾಧ, ಮೊದಲು ಅರಣ್ಯ ಇಲಾಖೆಗೆ ಒಪ್ಪಿಸಿ. ಸಲ್ಕಾಟಾ ಇಟ್ಟುಕೊಂಡವರು ಅದನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು.)

ತಮ್ಮನಿಗೆ ಹೇಳಿ ಬಂದದ್ದಿಷ್ಟು. ಅಂಗಳದ ಅರ್ಧ ಸಿಮೆಂಟು ಒಡೆಸಿ, ಮಣ್ಣು ತುಂಬಿಸಿ, ಈ ಮಳೆಗಾಲದಲ್ಲೇ ಗಿನಿ ಹುಲ್ಲಿನ ಬೇರುಕಡ್ಡಿಗಳನ್ನು ಊರಿಸಬೇಕು, ಮಧ್ಯೆ ಗರಿಕೆ ಹಬ್ಬಿಸಬೇಕು. ಹುಲ್ಲು ನೆಲ ಹಿಡಿಯುವವರೆಗೆ ಕೊಯ್ದು ತಂದು ಹಾಕಬೇಕು, ಆದರೆ ಕಳೆನಾಶಕ ಹೊಡೆದ ಗದ್ದೆಯ ಬದುವಿನಿಂದ ತರಕೂಡದು, ತಂದದ್ದರಲ್ಲಿ ಕಾಂಗ್ರೆಸ್ ಗಿಡ ಸೇರಿದ್ದರೆ ಆರಿಸಿ ತೆಗೆಯಬೇಕು. ಹಣ್ಣಿಗೆ ಒಗ್ಗಿದ ಆಮೆ ಮೊದಮೊದಲು ಹುಲ್ಲನ್ನು ಮೂಸಿ ಬಿಟ್ಟು ಹೋಗುತ್ತದೆ. ಆಗ ದಾಸವಾಳದ ಹೂವನ್ನು ಸಣ್ಣಗೆ ಹೆಚ್ಚಿ ಹುಲ್ಲಿನಲ್ಲಿ ಬೆರೆಸಿ ದಿನದಿನಕ್ಕೆ ಹೂವನ್ನು ಕಡಿಮೆ ಮಾಡುತ್ತ ಬಂದರೆ ತಾನಾಗಿಯೇ ದಾರಿಗೆ ಬರುತ್ತದೆ.