ಬಸಾಪುರದಜ್ಜಿಯ ಹೆಸರು ಯಾರಿಗೂ ಗೊತ್ತಿಲ್ಲ

ಇಲ್ಲಿ ಮಾಲ್ಟಾದಲ್ಲಿ ನನ್ನ ಜೊತೆ ಕೆಲಸ ಮಾಡುವವನ ನೆಂಟಳೊಬ್ಬಳು ಮೆಲ್ಬರ್ನ್‌ನಿಂದ ಬಂದಿದ್ದಳು. ಅವಳ ಅಜ್ಜ ಯುದ್ಧ ಮುಗಿದ ಮೇಲೆ ಹಡಗು ಹತ್ತಿ ಹೋದವನು. 1948ರಲ್ಲಿ ಆಸ್ಟ್ರೇಲಿಯಾದ ಜೊತೆ ಒಪ್ಪಂದ ಆಗಿ, ಖರ್ಚಿಗೆ ಸರ್ಕಾರದ ನೆರವು ಸಿಗಲು ಶುರುವಾದಾಗ ಸಾವಿರಾರು ಜನ ಹಾಗೆ ಹೋದರಂತೆ. ಈ ಹುಡುಗಿಗೆ ಮಾಲ್ಟೀಸ್ ಒಂದಕ್ಷರ ಬಾರದು. ಆದರೂ ವಾಪಸ್ ಹೋಗುವ ಹೊತ್ತಿಗೆ ಅವಳ ಕೈಯಲ್ಲಿ ಸುಮಾರು 1600ರವರೆಗಿನ ಮನೆತನದ ಪಟ್ಟಿ ಇತ್ತು. ರಾಜರೂ ಅಲ್ಲ, ಜಮೀನ್ದಾರರೂ ಅಲ್ಲ, ಮಾಲ್ಟಾದ್ದೇ ಆದ ಗೋಝೊ ದ್ವೀಪದ ರೈತರು, ಕಲ್ಲು ಒಡೆಯುವವರು. ಆ ಪಟ್ಟಿಯಲ್ಲಿ ಒಬ್ಬೊಬ್ಬ ಗಂಡಸಿನ ಪಕ್ಕದಲ್ಲೂ ಹೆಂಡತಿಯ ಹೆಸರು, ಅವಳ ತವರಿನ ಮನೆತನ, ಅವಳ ಅಪ್ಪನ ಹೆಸರು ಇತ್ತು. ಅದನ್ನು ತೋರಿಸುತ್ತಾ ಅವಳು ನನ್ನನ್ನು ಕೇಳಿದಳು, ನಿನ್ನ ಮುತ್ತಜ್ಜಿಯ ಹೆಸರೇನು ಅಂತ.

ನಮ್ಮ ಮನೆಯಲ್ಲಿ ಅವಳು ಬಸಾಪುರದಜ್ಜಿ. ಬಸಾಪುರದಿಂದ ಬಂದ ಸೊಸೆ, ಅಷ್ಟೇ. ಆ ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ, ಗೊತ್ತಿಲ್ಲ ಅಂದಳು. ದೊಡ್ಡಪ್ಪನಿಗೂ ಗೊತ್ತಿಲ್ಲ. ಎಂಟು ಮಕ್ಕಳನ್ನು ಹೆತ್ತು, ಬರಗಾಲದಲ್ಲಿ ಮನೆ ನಡೆಸಿದ ಹೆಂಗಸು. ಪಕ್ಷಮಾಸದಲ್ಲಿ ಪ್ರತಿವರ್ಷ ಅವಳಿಗೆ ಎಡೆ ಇಡುತ್ತೇವೆ. ಹೆಸರು ಮಾತ್ರ ಯಾರಿಗೂ ನೆನಪಿಲ್ಲ.

ನನಗೆ ಕೋಪ ಬಂತು. ಇವತ್ತಿಗೂ ಇದೆ.

ಇವರು ಹೇಗೆ ಹುಡುಕುತ್ತಾರೆ ಅಂತ ನೋಡಲು ನಾನೂ ಅವಳ ಜೊತೆ ಸ್ವಲ್ಪ ಓಡಾಡಿದೆ. 1863ರಿಂದ ಈಚೆಗೆ ಜನನ, ಮದುವೆ, ಮರಣವನ್ನೆಲ್ಲ ಇಲ್ಲಿ ಸರ್ಕಾರವೇ ದಾಖಲಿಸಿದೆ. ಅದರ ಹಿಂದಕ್ಕೆ ಹೋಗಬೇಕೆಂದರೆ ಊರಿನ ಚರ್ಚೇ ಗತಿ. ಹಿಂದಕ್ಕೆ ಹೋಗುವುದು ಮುಖ್ಯವಾಗಿ ಮದುವೆಗಳನ್ನು ಹಿಡಿದು. ಒಂದು ಮದುವೆಯ ದಾಖಲೆಯಲ್ಲಿ ಗಂಡಿನ ಅಪ್ಪ ಅಮ್ಮ, ಹೆಣ್ಣಿನ ಅಪ್ಪ ಅಮ್ಮ ಸಿಗುತ್ತಾರೆ. ಆಮೇಲೆ ಆ ಅಪ್ಪ ಅಮ್ಮನ ಮದುವೆ ಹುಡುಕಬೇಕು. ಹುಡುಗಿ ಯಾವ ಊರಿನವಳು ಅಂತ ಗೊತ್ತಾಗಲೇಬೇಕು, ಯಾಕಂದರೆ ಮದುವೆ ಸಾಮಾನ್ಯವಾಗಿ ಅವಳ ಊರಿನ ಚರ್ಚ್‌ನಲ್ಲೇ ಆಗಿರುತ್ತದೆ. ಹೀಗೆ ಹೆಣ್ಣಿನ ತವರು ಗೊತ್ತಿಲ್ಲದೆ ಹುಡುಕಾಟ ಮುಂದೆ ಹೋಗುವುದೇ ಇಲ್ಲ. ತೀರಾ ಹಳೆಯ ದಾಖಲೆಗಳಲ್ಲಿ ಅಪ್ಪನ ಹೆಸರಷ್ಟೇ ಇರುತ್ತದೆ, ಅಲ್ಲಿಗೆ ಕಷ್ಟ ಶುರು. ಬರೆದಿರುವುದು ಲ್ಯಾಟಿನ್‌ನಲ್ಲಿ ಬೇರೆ.

ಇನ್ನೊಂದು ತೊಡಕು ಮನೆತನದ ಹೆಸರುಗಳದು. ಇಡೀ ದೇಶ 316 ಚದರ ಕಿಲೋಮೀಟರ್, ನಮ್ಮ ಎಷ್ಟೋ ತಾಲ್ಲೂಕುಗಳು ಇದಕ್ಕಿಂತ ದೊಡ್ಡವು. ಅಷ್ಟರಲ್ಲೇ ಎಲ್ಲಿ ನೋಡಿದರೂ ಬೋರ್ಜ್, ಕ್ಯಾಮಿಲ್ಲೇರಿ, ವೆಲ್ಲಾ, ಫರೂಜಾ, ಜಮ್ಮಿತ್. ಒಂದೇ ಊರಲ್ಲಿ ಒಂದೇ ಹೆಸರಿನವರು ಹತ್ತಾರು ಜನ, ಮೊಮ್ಮಗನಿಗೆ ಅಜ್ಜನ ಹೆಸರಿಡುವ ಪದ್ಧತಿ ಇವರಲ್ಲೂ ಇದೆ ನೋಡಿ. ಹಾಗಾಗಿ ಪ್ರತಿ ಮನೆಗೂ ಒಂದು ಅಡ್ಡಹೆಸರು, ನಮ್ಮ ಹಾವೇರಿ ಧಾರವಾಡದ ಕಡೆ ಇರುತ್ತದಲ್ವಾ, ಹಾಗೇ. ಊರಿನ ಮುದುಕರಿಗೆ ಆ ಹೆಸರು ಹೇಳಿದರೆ ಸಾಕು, ಯಾವ ಬೀದಿಯ ಯಾವ ಮನೆ ಅಂತ ಹೇಳಿಬಿಡುತ್ತಾರೆ.

ವ್ಯಾಲೆಟ್ಟಾದಲ್ಲಿ ನೋಟರಿಗಳ ದಾಖಲೆಗಳ ಸಂಗ್ರಹ ಇದೆ. 15ನೇ ಶತಮಾನದಿಂದ ಈಚಿನ ಕಾಗದಗಳು ಅಲ್ಲಿವೆ. ಎರಡನೇ ಮಹಾಯುದ್ಧದ ಬಾಂಬಿಗೆ ಸಿಕ್ಕಿ ಹರಿದ ಪುಟಗಳನ್ನು ಇಂದಿಗೂ ಒಂದೊಂದಾಗಿ ಸರಿಮಾಡುತ್ತಿದ್ದಾರೆ. ಮಗಳಿಗೆ ವರದಕ್ಷಿಣೆಯಾಗಿ ಏನೇನು ಕೊಟ್ಟರು, ಎಷ್ಟು ಹಾಸಿಗೆ, ಎಷ್ಟು ಬಟ್ಟೆ, ಯಾವ ಹೊಲದ ತುಂಡು, ಎಲ್ಲಾ ಬರೆದಿದೆ. ಬಡವರ ಮನೆ ಮದುವೆಯದ್ದೂ ಸಿಗುತ್ತದೆ.

ನಮ್ಮಲ್ಲಿ ವಂಶವೃಕ್ಷ ಅಂದರೆ ಏನು? ಪಾಲಾಗುವಾಗ ಮಾಡಿಸುವ ಕಾಗದ. ಅಜ್ಜ ಸತ್ತ ಮೇಲೆ ಪಹಣಿಯಲ್ಲಿ ಹೆಸರು ಬದಲಾಯಿಸಲು ಬೇಕಾದಾಗ ಮಾತ್ರ ಅದರ ನೆನಪಾಗುತ್ತದೆ. ನಮ್ಮ ಮನೆಯದನ್ನು ತರಿಸಿ ನೋಡಿದೆ. ಅದರಲ್ಲಿ ಅಜ್ಜನ ಅಕ್ಕತಂಗಿಯರೇ ಇಲ್ಲ. ಅವರು ಮದುವೆಯಾಗಿ ಹೋದವರು, ಅವರನ್ನು ಬರೆದರೆ ಸುಮ್ನೆ ತಕರಾರು ಅಂತ ಬಿಟ್ಟಿದ್ದಾರೆ. 1994ರಲ್ಲಿ ನಮ್ಮ ರಾಜ್ಯ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಾಗಲೂ, ಆಗಲೇ ಮದುವೆಯಾದವರನ್ನು ಹೊರಗೇ ಇಟ್ಟಿತ್ತು. 2005ರಲ್ಲಿ ದೇಶಕ್ಕೆಲ್ಲ ಕಾನೂನು ಬದಲಾದ ಮೇಲೂ ಎಷ್ಟು ಮನೆಗಳಲ್ಲಿ ಹೆಣ್ಣುಮಕ್ಕಳು ಹಕ್ಕು ಬಿಟ್ಟುಕೊಟ್ಟೆ ಅಂತ ಸಹಿ ಹಾಕುತ್ತಿದ್ದಾರೆ, ನೀವೇ ನೋಡಿರುತ್ತೀರಿ. ಆಸ್ತಿಗಾಗಿ ಬರೆದ ವಂಶದಲ್ಲಿ ಆಸ್ತಿ ಸಿಗಬಾರದವರ ಹೆಸರು ಇರುವುದಿಲ್ಲ. ಬಸಾಪುರದಜ್ಜಿ ಕಳೆದುಹೋಗಿದ್ದು ಹೀಗೆ. ಮನೆದೇವರು ಯಾರು, ಬೆಡಗು ಯಾವುದು ಅಂತ ನಿದ್ದೆಯಲ್ಲಿ ಕೇಳಿದರೂ ಹೇಳುವ ನಮಗೆ, ನಮ್ಮನ್ನು ಹೆತ್ತವರನ್ನು ಹೆತ್ತವರ ಹೆಸರು ಬೇಡವಾಯಿತೇ?

ಇದನ್ನೆಲ್ಲ ಅಣ್ಣನಿಗೆ ಹೇಳಿದಾಗ ಅವನು ರೇಗಿದ. ಹೆಳವ ಬರುತ್ತಿದ್ದದ್ದು ಮರೆತೆಯಾ ಅಂದ. ಮರೆತಿಲ್ಲ. ಎತ್ತಿನ ಮೇಲೆ ಕೂತು ಬಂದು, ನಮ್ಮ ಹಿರಿಯರು ಯಾವ ಊರಿಂದ ಬಂದರು, ಯಾರಿಗೆ ಎಷ್ಟು ಮಕ್ಕಳು ಅಂತ ಬಾಗಿಲಲ್ಲಿ ಹೇಳುತ್ತಿದ್ದ. ಕಾಳು ಹಾಕುತ್ತಿದ್ದೆವು. ರೈತರ ಮನೆಯ ಚರಿತ್ರೆಯನ್ನು ಯಾವ ಚರ್ಚೂ ಯಾವ ಸರ್ಕಾರವೂ ಹೇಳದೆ ತಲೆಮಾರುಗಳ ಕಾಲ ಉಳಿಸಿದ್ದು ಅವರೇ, ಅದು ಸಣ್ಣ ಮಾತಲ್ಲ. ಆದರೆ ನನ್ನ ನೆನಪಿನಲ್ಲಿ ಅವನು ಹೇಳಿದ್ದರಲ್ಲಿ ಗಂಡಸರೇ ಜಾಸ್ತಿ.

ಇಲ್ಲಿಯ ಚರ್ಚ್ ಪುಸ್ತಕಗಳೂ ಪ್ರೀತಿಯಿಂದ ಬರೆದವಲ್ಲ, ಅದನ್ನೂ ಹೇಳಬೇಕು. 1563ರಲ್ಲಿ ಮುಗಿದ ಟ್ರೆಂಟ್ ಸಭೆ, ಅಂದರೆ ಕ್ಯಾಥೊಲಿಕ್ ಧರ್ಮಗುರುಗಳ ಮಹಾಸಭೆ, ಮದುವೆ ಮತ್ತು ದೀಕ್ಷಾಸ್ನಾನದ ಲೆಕ್ಕ ಇಡಲೇಬೇಕು ಅಂತ ಕಟ್ಟುನಿಟ್ಟು ಮಾಡಿತು. 1575ರಲ್ಲಿ ಪೋಪ್ ಕಳಿಸಿದ ಪಿಯೆತ್ರೊ ದುಸೀನಾ ಬಂದು ಚರ್ಚ್ ಚರ್ಚ್ ತಪಾಸಣೆ ಮಾಡಿದ. ಮನೆ ಮನೆಯ ಜನರ ಪಟ್ಟಿ ಮಾಡುತ್ತಿದ್ದ ಪಾದ್ರಿಗೆ, ಈಸ್ಟರ್‌ಗೆ ಯಾರು ಪಾಪನಿವೇದನೆಗೆ ಬಂದರು, ಯಾರು ಬರಲಿಲ್ಲ ಅನ್ನುವುದೂ ಬೇಕಿತ್ತು. ಅಪ್ಪ ಯಾರೆಂದು ಗೊತ್ತಿಲ್ಲದ ಮಗುವಿನ ಬಗ್ಗೆ ಹಾಗೇ ಬರೆದುಬಿಡುತ್ತಿದ್ದರು, ಮುನ್ನೂರು ವರ್ಷ ಆದರೂ ಅದು ಅಲ್ಲೇ ಇದೆ. ಮತ್ತೆ ಗೋಝೊದ ಕಥೆ. 1551ರಲ್ಲಿ ತುರ್ಕರ ಹಡಗುಗಳು ಬಂದು ಸುಮಾರು 5,000 ಜನರನ್ನು, ಅಂದರೆ ಹೆಚ್ಚುಕಡಿಮೆ ಇಡೀ ದ್ವೀಪವನ್ನೇ, ಗುಲಾಮರನ್ನಾಗಿ ಹಿಡಿದುಕೊಂಡು ಹೋದವು. ಅದರ ಹಿಂದಕ್ಕೆ ಹೋಗುವುದು ಅಲ್ಲಿಯ ಬಹುಪಾಲು ಮನೆಗಳಿಗೆ ಆಗುವುದೇ ಇಲ್ಲ. ಮೆಲ್ಬರ್ನ್ ಹುಡುಗಿಯ ಪಟ್ಟಿಯೂ ಆ ಕಡೆ ದಾಟಲಿಲ್ಲ.

ಇಷ್ಟು ಒಪ್ಪಿಕೊಂಡ ಮೇಲೂ ನನ್ನ ಸಿಟ್ಟು ಇಳಿದಿಲ್ಲ. ಪಾದ್ರಿ ಯಾವ ಕಾರಣಕ್ಕೆ ಬರೆದಿದ್ದರೂ ಆ ಹೆಂಗಸರ ಹೆಸರು ಇವತ್ತು ಸಿಗುತ್ತದೆ. ಈಗ ಅಣ್ಣ ಬಸಾಪುರಕ್ಕೆ ಹೋಗಿ, ಅಜ್ಜಿಯ ತವರಿನವರು ಯಾರಾದರೂ ಇದ್ದಾರಾ ಅಂತ ವಿಚಾರಿಸಲು ಒಪ್ಪಿದ್ದಾನೆ. ಅಮ್ಮನ ಹೆಸರು, ಅವಳ ತವರು, ಅವಳ ಅಮ್ಮನ ಹೆಸರನ್ನು ಮಾತ್ರ ನಾನು ಆಗಲೇ ಬರೆದುಕೊಂಡಿದ್ದೇನೆ. ನಿಮ್ಮ ಮನೆಯಲ್ಲಿ ಇನ್ನೂ ಎಂಬತ್ತು ದಾಟಿದ ಅಜ್ಜಿ ಇದ್ದರೆ, ಈ ಭಾನುವಾರವೇ ಕೂತು ಕೇಳಿ ಬರೆದುಕೊಳ್ಳಿ.