ಕಿರುಚೋ ಮಗುವನ್ನ ಎಬ್ಬಿಸಬೇಡಿ

ಈಗಷ್ಟೇ ವಾಟ್ಸಾಪ್ ಗುಂಪಿನಲ್ಲಿ ಒಂದು ವಿಡಿಯೊ ನೋಡಿದೆ. ಕೈ ಇನ್ನೂ ನಡುಗ್ತಿದೆ. ನಾಲ್ಕು ವರ್ಷದ ಆಸುಪಾಸಿನ ಮಗು ರಾತ್ರಿ ಹಾಸಿಗೆ ಮೇಲೆ ಎದ್ದು ಕೂತು ಕಿರುಚ್ತಿದೆ. ಕಣ್ಣು ತೆರೆದಿದೆ, ಆದ್ರೆ ಎದುರಿಗಿರೋ ಅಮ್ಮನ ಗುರುತೇ ಸಿಗ್ತಿಲ್ಲ. ಒಬ್ಬರು ಭುಜ ಹಿಡಿದು ಅಲುಗಾಡಿಸ್ತಿದ್ದಾರೆ, ಇನ್ನೊಬ್ಬರು ಮುಖಕ್ಕೆ ತಣ್ಣೀರು ಎರಚ್ತಿದ್ದಾರೆ. ಕೆಳಗೆ ‘ಗಾಳಿ ಸೋಕಿದೆ’ ಅಂತ ಬರೆದು ಹಂಚಿದ್ದಾರೆ.

ಎಬ್ಬಿಸಬೇಡಿ. ದಯವಿಟ್ಟು ಎಬ್ಬಿಸಬೇಡಿ.

ಇದಕ್ಕೆ ನೈಟ್ ಟೆರರ್ ಅಂತಾರೆ. ಕೆಟ್ಟ ಕನಸು ಬೇರೆ, ಇದೇ ಬೇರೆ. ಕೆಟ್ಟ ಕನಸು ಬೀಳೋದು ಹೆಚ್ಚಾಗಿ ಬೆಳಗಿನ ಜಾವದ ಕಡೆಗೆ. ಮಗು ಪೂರ್ತಿ ಎಚ್ಚರವಾಗಿ ನಿಮ್ಮನ್ನ ತಬ್ಬಿಕೊಳ್ಳುತ್ತೆ, ಕಂಡದ್ದನ್ನ ಹೇಳುತ್ತೆ. ನೈಟ್ ಟೆರರ್ ಬರೋದು ಮಲಗಿದ 1ರಿಂದ 3 ಗಂಟೆಯೊಳಗೆ. ಗಾಢ ನಿದ್ದೆಯಿಂದ ಮೇಲೇಳುವಾಗ ಮಿದುಳಿನ ಒಂದು ಭಾಗ ಎದ್ದು, ಉಳಿದದ್ದು ಮಲಗೇ ಇರುತ್ತೆ. ಅದಕ್ಕೇ ಬೆವರು, ಏದುಸಿರು, ಕಿರುಚಾಟ ಎಲ್ಲ ಇದ್ರೂ ಮಗುವಿಗೆ ಪ್ರಜ್ಞೆ ಇರಲ್ಲ. ಆಗ ಅಲುಗಾಡಿಸಿದ್ರೆ ಗೊಂದಲ ಹೆಚ್ಚುತ್ತೆ, ಐದು ನಿಮಿಷದಲ್ಲಿ ಮುಗಿಯೋದು ಇಪ್ಪತ್ತು ನಿಮಿಷ ಎಳೆಯುತ್ತೆ. ತಣ್ಣೀರು ಬಿದ್ದ ಮಗು ನಿಜವಾಗಿ ಎದ್ದು, ಸುತ್ತ ಗಾಬರಿಬಿದ್ದ ಮುಖಗಳನ್ನ ನೋಡಿ ಆಗ ಹೆದರುತ್ತೆ. ಅಲ್ಲಿಯವರೆಗೆ ಇಲ್ಲದ ಭಯವನ್ನ ನಾವೇ ಕೊಟ್ಟ ಹಾಗಾಯ್ತು!

ಪಕ್ಕದಲ್ಲಿ ಕೂತ್ಕೊಳ್ಳಿ. ದೊಡ್ಡ ಲೈಟ್ ಹಾಕಬೇಡಿ. ತಬ್ಬಿದರೆ ಕೊಸರಿಕೊಳ್ಳುತ್ತಾ, ಬಿಟ್ಟುಬಿಡಿ. ಓಡೋಕೆ ಹೋದ್ರೆ ಮಾತ್ರ ಮೆಲ್ಲಗೆ ತಡೆದು ಹಾಸಿಗೆ ಕಡೆ ತಿರುಗಿಸಿ. ಮಂಚದ ಬದಲು ನೆಲದ ಮೇಲೆ ಹಾಸಿ, ಸ್ಟೂಲು, ನೀರಿನ ಚೊಂಬು ಆಚೆ ಇಡಿ, ಬಾಲ್ಕನಿ ಬಾಗಿಲಿಗೆ ಮೇಲಿನ ಚಿಲಕ ಹಾಕಿ. ಸಾಮಾನ್ಯವಾಗಿ 10 ನಿಮಿಷದೊಳಗೆ ಮಗು ಮಗ್ಗುಲಾಗಿ ಮಲಗಿಬಿಡುತ್ತೆ. ಬೆಳಿಗ್ಗೆ ‘ರಾತ್ರಿ ಯಾಕೋ ಕಿರುಚಿದೆ?’ ಅಂತ ಕೇಳಬೇಡಿ. ಅದಕ್ಕೆ ನೆನಪಿರಲ್ಲ, ಹಾಸಿಗೆ ಕಂಡ್ರೆ ಹೆದರಿಕೆ ಶುರುವಾಗುತ್ತೆ ಅಷ್ಟೇ.

‘ದೃಷ್ಟಿ ತೆಗೆದ ಮೇಲೆ ನಿಂತುಹೋಯ್ತು’ ಅಂತ ಹೇಳೋರಿದ್ದಾರೆ. ಇದು ಕೆಲವು ದಿನ ಬಂದು, ತಿಂಗಳುಗಟ್ಟಲೆ ಇಲ್ಲದೆ ಹೋಗೋದೇ ಹಾಗೆ. ಏನೂ ಮಾಡದಿದ್ರೂ ನಿಲ್ಲುತ್ತಿತ್ತು. ಅಜ್ಜಿಯ ಸಮಾಧಾನಕ್ಕೆ ಉಪ್ಪು ಮೆಣಸಿನಕಾಯಿ ನಿವಾಳಿಸಿ, ನನ್ನ ತಕರಾರಿಲ್ಲ. ಆದ್ರೆ ಅದಕ್ಕಾಗಿ ಮಗುವನ್ನ ಎಬ್ಬಿಸಿ ಕೂರಿಸೋದು, ಮೆಣಸಿನ ಘಾಟು ಕುಡಿಸೋದು ಬೇಡ.

ಬಹಳ ಮನೆಗಳಲ್ಲಿ ಇದನ್ನ ಕೆರಳಿಸೋದು ನಿದ್ದೆಯ ಬಾಕಿ. ಲೆಕ್ಕ ಹಾಕಿ: 3ರಿಂದ 5 ವರ್ಷದ ಮಗುವಿಗೆ ಹಗಲಿನ ನಿದ್ದೆಯೂ ಸೇರಿ ದಿನಕ್ಕೆ 10ರಿಂದ 13 ಗಂಟೆ ಬೇಕು. ಎಲ್‌ಕೆಜಿಗೆ ಸೇರಿದ ಕೂಡಲೇ ಮಧ್ಯಾಹ್ನದ ನಿದ್ದೆ ಹೋಯ್ತು. ರಾತ್ರಿ ಅಪ್ಪ ಬಂದು, ಊಟವಾಗಿ, ಟಿವಿ ಆರೋ ಹೊತ್ತಿಗೆ 10:30. ವ್ಯಾನಿಗಾಗಿ 6:30ಕ್ಕೆ ಏಳಿಸ್ತೀರಿ. ಎಂಟೇ ಗಂಟೆ! ಕಟ್ಟಿಕೊಂಡ ಬಾಕಿಯನ್ನ ದೇಹ ಇನ್ನೂ ಗಾಢವಾಗಿ ನಿದ್ದೆ ಮಾಡಿ ತೀರಿಸುತ್ತೆ, ಅಲ್ಲಿಂದ ಮೇಲೇಳೋದೇ ಕಷ್ಟವಾಗುತ್ತೆ. ಎರಡು ಮೂರು ದಿನಕ್ಕೊಮ್ಮೆ 15 ನಿಮಿಷದಂತೆ ಬೇಗ ಮಲಗಿಸ್ತಾ ಬನ್ನಿ. ಮಲಗೋ ಮುಂಚೆ ಉಚ್ಚೆ ಮಾಡಿಸಿ, ತುಂಬಿದ ಮೂತ್ರಕೋಶವೂ ಕೆರಳಿಸುತ್ತೆ. ಜ್ವರವೂ ಅಷ್ಟೇ.

ಆದರೂ ದಿನಾ ಒಂದೇ ಹೊತ್ತಿಗೆ ಬರ್ತಿದ್ರೆ, ಒಂದೆರಡು ವಾರ ಸಮಯ ಬರೆದಿಡಿ. ನಿದ್ದೆ ಹತ್ತಿದ 100 ನಿಮಿಷಕ್ಕೆ ಬರುತ್ತೆ ಅಂದ್ರೆ, 80ನೇ ನಿಮಿಷಕ್ಕೆ ಮೆಲ್ಲಗೆ ಬೆನ್ನು ತಟ್ಟಿ. ಮುಲುಗಿ ಮಗ್ಗುಲು ಬದಲಿಸಿದ್ರೆ ಸಾಕು. 2ರಿಂದ 4 ವಾರ, ಒಂದು ರಾತ್ರಿಯೂ ತಪ್ಪಿಸದೆ. ಎಬ್ಬಿಸಬೇಡಿ ಅಂದವಳೇ ಇದನ್ನೂ ಹೇಳ್ತಿದೀನಿ, ಹೌದು: ಕಿರುಚಾಟ ಶುರುವಾಗೋ ಮುಂಚೆ, ಶುರುವಾದ ಮೇಲಲ್ಲ. ಇದು ಕೈಕೊಡೋದು ಗಡಿಯಾರ ನೋಡಿ ತಟ್ಟೋರಿಗೆ. ಮಗು ಅರ್ಧ ಗಂಟೆ ತಡವಾಗಿ ಮಲಗಿದ್ರೆ ತಟ್ಟೋ ಹೊತ್ತೂ ಅರ್ಧ ಗಂಟೆ ಮುಂದಕ್ಕೆ ಹೋಗಬೇಕು. ತಟ್ಟಿದಾಗಲೇ ಕಿರುಚಿದ್ರೆ, ಮರುದಿನ ಇನ್ನೂ 10 ನಿಮಿಷ ಮುಂಚೆ ತಟ್ಟಿ.

ಡಾಕ್ಟರ ಹತ್ತಿರ ಹೋಗಲೇಬೇಕಾದ ಸಂದರ್ಭಗಳೂ ಇವೆ. ದಿನಾ ಗೊರಕೆ ಹೊಡೆದು ಬಾಯಲ್ಲಿ ಉಸಿರಾಡೋ ಮಗು. ಟಾನ್ಸಿಲ್, ಇಲ್ಲವೇ ಮೂಗಿನ ಹಿಂದಿರೋ ಅಡಿನಾಯ್ಡ್ ಅನ್ನೋ ಗಡ್ಡೆ ಊದಿರಬಹುದು. ಒಂದೇ ರಾತ್ರಿ ಹಲವು ಸಲ ಬಂದರೆ, ಪ್ರತಿ ಸಲ ಅದೇ ರೀತಿ ಕೈಕಾಲು ಅದುರಿದರೆ, ಮೈ ಸೆಟೆದರೆ, ಹಗಲಲ್ಲೂ ಹೀಗಾದರೆ, ಅದು ಫಿಟ್ಸ್ ಇರಬಹುದು. ಆಗ ವಿಡಿಯೊ ತುಂಬಾ ಉಪಯೋಗ. ಅದನ್ನ ಡಾಕ್ಟರಿಗೆ ತೋರಿಸೋಕೆ ಇಟ್ಕೊಳ್ಳಿ. ಗುಂಪಿನಿಂದ ಈಗಲೇ ಅಳಿಸಿ.